ರಕ್ತದಲ್ಲಿ ಮದ್ದಿನ ಅಳತೆ

ಮಳೆಗಾಲದಲ್ಲಿ ಮಲೆನಾಡಿನ ತೋಟ ಗದ್ದೆಗಳಲ್ಲಿ ಓಡಾಡಿ ಬಂದವರಿಗೆ ಇಂಬಳದ ಪರಿಚಯ ಹೇಳಬೇಕಾಗಿಲ್ಲ. ಅದು ಕಾಲಿಗೆ ಹತ್ತಿದ್ದು ತಿಳಿಯುವುದಿಲ್ಲ, ಕಚ್ಚಿದ್ದೂ ತಿಳಿಯುವುದಿಲ್ಲ. ಹೊಟ್ಟೆ ತುಂಬಿ ಅದು ತಾನಾಗಿ ಉದುರಿಹೋದ ಮೇಲೆ, ಸಾಸಿವೆ ಕಾಳಿನಷ್ಟಿರುವ ಗಾಯದಿಂದ ರಕ್ತ ಜಿನುಗುತ್ತಲೇ ಇರುವುದನ್ನು ಕಂಡು ಅಚ್ಚರಿಪಡುತ್ತೇವೆ. ಅಡುಗೆಮನೆಯಲ್ಲಿ ಈಳಿಗೆ ತಾಗಿ ಬೆರಳು ಕೊಯ್ದುಕೊಂಡಾಗ, ಗಾಯ ಇದಕ್ಕಿಂತ ದೊಡ್ಡದಾಗಿದ್ದರೂ, ಐದಾರು ನಿಮಿಷ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಇಲ್ಲಿ ಮಾತ್ರ ಏಕೆ ನಿಲ್ಲದು?

ಇಂಬಳ, ಜಿಗಣೆಗಳ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವೊಂದಿದೆ. ಸುಶ್ರುತ ಸಂಹಿತೆಯಲ್ಲಿ ಜಿಗಣೆಗಳ ಬಳಕೆಗಾಗಿಯೇ ಒಂದು ಅಧ್ಯಾಯವುಂಟು. ಆದರೆ ಅವುಗಳ ಜೊಲ್ಲಿನ ಈ ಗುಣವನ್ನು ೧೮೮೪ರಲ್ಲಿ ಕಂಡುಹಿಡಿದು ತಿಳಿಸಿದವರು ಜಾನ್ ಹೇಕ್ರಾಫ್ಟ್ ಎಂಬ ವಿಜ್ಞಾನಿ. ಮುಂದೆ ಆ ವಸ್ತುವಿಗೆ ಹಿರುಡಿನ್ ಎಂದು ಹೆಸರಾಯಿತು. ಜಿಗಣೆ ತನ್ನ ಊಟಕ್ಕಾಗಿ ಮಾಡುವ ಈ ಕೆಲಸವನ್ನು ವೈದ್ಯರು ರೋಗಿಯ ಪ್ರಾಣ ಉಳಿಸುವುದಕ್ಕಾಗಿ ಮಾಡುತ್ತಾರೆ. 'ರಕ್ತ ತೆಳುಮಾಡುವ ಗುಳಿಗೆ' ಎಂದು ನಾವೆಲ್ಲ ಕರೆಯುವ ಮದ್ದು ಇದೇ ಜಾತಿಯದು. ಈ ಹೊತ್ತು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ಮದ್ದಿನ ವಿಷಯವಾಗಿ. ಅದರಲ್ಲಿಯೂ ಮುಖ್ಯವಾಗಿ, ಆ ಮದ್ದು ತೆಗೆದುಕೊಳ್ಳುತ್ತಿರುವವರಿಗೆ ಶಸ್ತ್ರಕ್ರಿಯೆ ಮಾಡಬೇಕಾಗಿ ಬಂದಾಗ, ಅವರ ರಕ್ತದಲ್ಲಿ ಅದು ಎಷ್ಟು ಉಳಿದಿದೆಯೆಂದು ಅಳೆಯುವ ವಿಷಯವಾಗಿ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಆ ಮನೆಯ ಅಜ್ಜಿಗೆ ಎಪ್ಪತ್ತೆಂಟು ವರ್ಷ. ಗುಂಡಿಗೆಯ ಬಡಿತ ತಾಳ ತಪ್ಪಿರುವುದರಿಂದ ಎರಡು ವರ್ಷದಿಂದ ರಕ್ತ ತೆಳುಮಾಡುವ ಗುಳಿಗೆ ನಡೆಯುತ್ತಿದೆ. ಒಂದು ದಿನ ಬೆಳಗಿನ ಜಾವ ಬಚ್ಚಲುಮನೆಯಲ್ಲಿ ಕಾಲು ಜಾರಿ ಬಿದ್ದರು. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿಯಿತು. ಆಸ್ಪತ್ರೆಗೆ ಕರೆದೊಯ್ದರು. ಶಸ್ತ್ರವೈದ್ಯರು ಕೇಳುವ ಮೊದಲನೆಯ ಪ್ರಶ್ನೆಗಳಲ್ಲಿ ಒಂದು ಇದು: "ರಕ್ತ ತೆಳುವಾಗೋ ಮಾತ್ರೆ ಏನಾದರೂ ತಗೋತಾರಾ? ಕಡೇ ಸಲ ಯಾವಾಗ ತಗೊಂಡ್ರು?"

"ರಾತ್ರಿ ಊಟ ಆದ್ಮೇಲೆ ತಗೊಂಡಿರಬೇಕು ಡಾಕ್ಟ್ರೇ" ಎನ್ನುತ್ತಾನೆ ಮಗ.

"ಇಲ್ಲಾರೀ, ಮಾತ್ರೆ ಮುಗಿದಿದೆ, ತರಿಸಬೇಕು ಅಂತ ಅತ್ತೆ ಮೊನ್ನೆಯೇ ಹೇಳ್ತಿದ್ರು" ಎನ್ನುತ್ತಾಳೆ ಸೊಸೆ.

ಅಜ್ಜಿಯನ್ನು ಕೇಳೋಣವೆಂದರೆ ನೋವಿನಲ್ಲಿ ಅವರಿಗೆ ಮಾತೇ ಹೊರಡದು. ಗುಳಿಗೆಯ ಹೆಸರೂ ಯಾರಿಗೂ ನೆನಪಿಲ್ಲ. ಗುಲಾಬಿ ಬಣ್ಣದ್ದು ಎಂದು ಮಾತ್ರ ಗೊತ್ತು. ಇನ್ನು ವೈದ್ಯರು ಮಾಡುವುದೇನು? ಮದ್ದು ರಕ್ತದಲ್ಲಿ ಇರುವಾಗ ಕತ್ತಿ ಹಿಡಿದರೆ ರಕ್ತಸ್ರಾವದ ಭಯ. ಬೆನ್ನುಹುರಿಯ ಬಳಿ ಸೂಜಿ ಚುಚ್ಚಿ ಅರಿವಳಿಕೆ ಕೊಟ್ಟರೆ, ಅಲ್ಲಿ ಒಂದಿಷ್ಟು ರಕ್ತ ಸೋರಿದರೂ, ಇಕ್ಕಟ್ಟಾದ ಆ ಜಾಗದಲ್ಲಿ ಅದು ಬೆನ್ನುಹುರಿಯನ್ನು ಒತ್ತಿ ಕಾಲುಗಳ ಸ್ವಾಧೀನವೇ ತಪ್ಪಬಹುದು. ಅಪರೂಪವಾದರೂ ಭಯಂಕರವಾದ ತೊಂದರೆ ಅದು. ಹಾಗೆಂದು ಮೂರು ನಾಲ್ಕು ದಿನ ಕಾಯೋಣವೆಂದರೆ, ಈ ವಯಸ್ಸಿನಲ್ಲಿ ಮುರಿದ ಸೊಂಟದೊಡನೆ ಹಾಸಿಗೆ ಹಿಡಿದವರಿಗೆ ಶ್ವಾಸಕೋಶದ ಸೋಂಕು, ಹಾಸಿಗೆ ಹುಣ್ಣು, ಕಾಲಿನ ರಕ್ತನಾಳದಲ್ಲಿ ಗರಣೆ ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಇಂಥ ಮುರಿತಕ್ಕೆ ಸಾಧ್ಯವಾದರೆ ಒಂದೆರಡು ದಿನದೊಳಗೇ ಶಸ್ತ್ರಕ್ರಿಯೆ ಆಗಬೇಕೆಂಬುದು ವೈದ್ಯರ ಒಮ್ಮತ. ಅತ್ತ ದರಿ, ಇತ್ತ ಪುಲಿ ಎನ್ನುವುದು ಇದಕ್ಕೇ ಅಲ್ಲವೆ?

ಈ ಇಕ್ಕಟ್ಟಿನಿಂದ ಪಾರಾಗಲು ಇರುವ ದಾರಿಯನ್ನು ತಿಳಿಯಬೇಕಾದರೆ, ಮೊದಲು ರಕ್ತ ಹೆಪ್ಪುಗಟ್ಟುವುದು ಹೇಗೆಂಬುದನ್ನು ಸ್ವಲ್ಪ ನೋಡಬೇಕು.

ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ. ರಕ್ತಕ್ಕೂ ನಾವು ಅದೇ ಮಾತನ್ನು ಬಳಸುತ್ತೇವೆ. ಆದರೆ ಹಾಲಿಗೆ ಹೆಪ್ಪು ಹೊರಗಿನಿಂದ ಬೀಳಬೇಕು. ರಕ್ತದ ಹೆಪ್ಪು ರಕ್ತದೊಳಗೇ ನಿದ್ದೆ ಹೋಗಿರುತ್ತದೆ. ಯಕೃತ್ತು ತಯಾರಿಸಿ ಕಳುಹಿಸಿದ ಹಲವು ಪ್ರೋಟೀನುಗಳು ರಕ್ತದಲ್ಲಿ ಸುಮ್ಮನೆ ತೇಲುತ್ತಿರುತ್ತವೆ. ಗಾಯವಾದೊಡನೆ ಒಂದು ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು ಎಬ್ಬಿಸುತ್ತದೆ. ಇವುಗಳಿಗೆ ವಿಜ್ಞಾನಿಗಳು ಹೆಸರಿನ ಬದಲು ಅಂಕೆಗಳನ್ನು ಕೊಟ್ಟಿದ್ದಾರೆ. ಹತ್ತನೆಯ ಅಂಶ ಎಚ್ಚೆತ್ತು, ಥ್ರಾಂಬಿನ್ ಎಂಬುದನ್ನು ಹುಟ್ಟಿಸುತ್ತದೆ. ಥ್ರಾಂಬಿನ್ಹುಟ್ಟಿತೆಂದರೆ, ಅದು ರಕ್ತದಲ್ಲಿ ಕರಗಿರುವ ಇನ್ನೊಂದು ಪ್ರೋಟೀನನ್ನು ನೂಲುಗಳನ್ನಾಗಿ ಮಾಡುತ್ತದೆ. ಆ ನೂಲುಗಳ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಕೊಂಡು ಗರಣೆಯಾಗುತ್ತದೆ. ಗಾಯದ ಬಾಯಿ ಮುಚ್ಚುತ್ತದೆ.

ಗಾಯದ ಬಾಯಲ್ಲಿ ಗರಣೆಯಾದರೆ ಅದು ಪ್ರಾಣರಕ್ಷಕ. ರಕ್ತನಾಳದ ಒಳಗೆ ಸುಮ್ಮಸುಮ್ಮನೆ ಗರಣೆಯಾದರೆ ಅದೇ ಪ್ರಾಣಕ್ಕೆ ಮುಳುವು. ತಾಳ ತಪ್ಪಿದ ಗುಂಡಿಗೆಯ ಮೂಲೆಯಲ್ಲಿ ನಿಂತ ರಕ್ತ ಗರಣೆಗಟ್ಟಿ, ಅದರ ಚೂರು ಮಿದುಳಿಗೆ ಹೋದರೆ ಪಾರ್ಶ್ವವಾಯು. ಕಾಲಿನ ಗರಣೆ ಕಿತ್ತು ಶ್ವಾಸಕೋಶಕ್ಕೆ ಹೋದರೆ ಉಸಿರೇ ನಿಲ್ಲಬಹುದು. ಆದುದರಿಂದಲೇ ಇಂಥವರಿಗೆ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸುವ ಮದ್ದು ಕೊಡುತ್ತಾರೆ. ಅದರಿಂದ ರಕ್ತವೇನೂ ನೀರು ಮಜ್ಜಿಗೆಯಂತೆ ತೆಳುವಾಗುವುದಿಲ್ಲ; ಹೆಪ್ಪುಗಟ್ಟುವುದು ತಡವಾಗುತ್ತದೆ, ಅಷ್ಟೆ. 'ತೆಳುಮಾಡುವ ಗುಳಿಗೆ' ಎಂಬುದು ಬಾಯಿಮಾತಿನ ಅನುಕೂಲಕ್ಕೆ ಬಂದ ಹೆಸರು.

ಇಂಥ ಮದ್ದುಗಳಲ್ಲಿ ಹಳೆಯವು ಎರಡು. ಒಂದು ಹೆಪಾರಿನ್. ೧೯೧೬ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ, ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕಹೋಗಿ, ಅದಕ್ಕೆ ತದ್ವಿರುದ್ಧವಾಗಿ ಹೆಪ್ಪುಗಟ್ಟದಂತೆ ತಡೆಯುವ ವಸ್ತುವನ್ನು ಕಂಡರು. ಅವರ ಗುರುಗಳಾದ ವಿಲಿಯಂ ಹೋವೆಲ್ ಅವರು ಆ ಕೆಲಸವನ್ನು ಮುಂದುವರಿಸಿದರು; ಯಕೃತ್ತಿಗಿರುವ ಗ್ರೀಕ್ ಹೆಸರಿನಿಂದ ಹೆಪಾರಿನ್ ಎಂಬ ಪದ ಬಂತು. ಅದು ಸೂಜಿಮದ್ದು, ಕೊಟ್ಟೊಡನೆ ಕೆಲಸ ಮಾಡುತ್ತದೆ, ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ.

ಎರಡನೆಯದರ ಕಥೆ ದನದ ಕೊಟ್ಟಿಗೆಯಲ್ಲಿ ಮೊದಲಾಯಿತು. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಉತ್ತರ ಅಮೆರಿಕದ ರೈತರ ದನಗಳು ಇದ್ದಕ್ಕಿದ್ದಂತೆ ರಕ್ತ ಸೋರಿ ಸಾಯತೊಡಗಿದವು. ಬೂಷ್ಟು ಹಿಡಿದ ಒಂದು ಬಗೆಯ ಮೇವೇ ಕಾರಣವೆಂದು ಪಶುವೈದ್ಯರು ಗುರುತಿಸಿದರು. ೧೯೩೩ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ನಿನ ಒಬ್ಬ ರೈತ, ಸುರಿಯುವ ಹಿಮದಲ್ಲಿ, ಸತ್ತ ಕಡಸನ್ನೂ, ಹಾಲಿನ ಕ್ಯಾನಿನ ತುಂಬ ಅದರ ಹೆಪ್ಪುಗಟ್ಟದ ರಕ್ತವನ್ನೂ, ಒಂದು ಹೊರೆ ಮೇವನ್ನೂ ಹೇರಿಕೊಂಡು ವಿಶ್ವವಿದ್ಯಾಲಯಕ್ಕೆ ಬಂದನು. ಅಲ್ಲಿ ರಸಾಯನಶಾಸ್ತ್ರಜ್ಞ ಕಾರ್ಲ್ ಲಿಂಕ್ ಮತ್ತು ಅವರ ಶಿಷ್ಯರು ವರ್ಷಗಟ್ಟಲೆ ದುಡಿದು, ಆ ಮೇವಿನಿಂದ ದೋಷಕಾರಿ ವಸ್ತುವನ್ನು ಬೇರ್ಪಡಿಸಿದರು. ಅದೇ ಕುಲದ ವಾರ್ಫರಿನ್ ೧೯೪೮ರಲ್ಲಿ ಮೊದಲು ಇಲಿಪಾಷಾಣವಾಗಿ ಅಂಗಡಿಗೆ ಬಂತು. ಕೆಲವೇ ವರ್ಷಗಳಲ್ಲಿ ಮನುಷ್ಯರಿಗೆ ಮದ್ದಾಯಿತು. ೧೯೫೫ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಅವರಿಗೂ ಇದನ್ನು ಕೊಟ್ಟರು. ವಿಷವೋ ಮದ್ದೋ ಎಂಬುದನ್ನು ಪ್ರಮಾಣವೇ ತೀರ್ಮಾನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಪ್ರಮಾಣದ ಮಾತು ಬಂದ ಮೇಲೆ ಅಳತೆಯ ಮಾತು ಬರಲೇಬೇಕು. ವಾರ್ಫರಿನ್ ಗುಳಿಗೆಯನ್ನು, ಅಥವಾ ನಮ್ಮ ದೇಶದಲ್ಲಿ ಬಹಳ ಬಳಕೆಯಲ್ಲಿರುವ ಅದರ ನೆಂಟ ಅಸೆನೊಕೌಮರಾಲನ್ನು ತೆಗೆದುಕೊಳ್ಳುವವರು ಆಗಾಗ ಹೋಗಿ ರಕ್ತಪರೀಕ್ಷೆ ಮಾಡಿಸುವುದನ್ನು ನೀವು ಕಂಡಿದ್ದೀರಿ. ನುಗ್ಗೆಸೊಪ್ಪು, ಪಾಲಕ್‌ಸೊಪ್ಪು ಒಂದು ವಾರ ಹೆಚ್ಚಾಗಿ ತಿಂದರೂ ಈ ಮದ್ದಿನ ಪರಿಣಾಮ ಬದಲಾಗುತ್ತದೆ. ಏಕೆಂದರೆ ಸೊಪ್ಪಿನಲ್ಲಿರುವ ಕೆ ಜೀವಸತ್ವವೇ ಈ ಮದ್ದಿನ ಎದುರಾಳಿ. ಆ ಪರೀಕ್ಷೆಗೆ ಮೂಲವಾದದ್ದು ೧೯೩೫ರಲ್ಲಿ ಆರ್ಮಂಡ್ ಕ್ವಿಕ್ ಎಂಬುವರು ರೂಪಿಸಿದ ವಿಧಾನ: ರಕ್ತದ ತಿಳಿಗೆ ಹೆಪ್ಪುಗಟ್ಟಿಸುವ ದ್ರವ್ಯ ಬೆರೆಸಿ, ಎಷ್ಟು ಸೆಕೆಂಡಿನಲ್ಲಿ ಹೆಪ್ಪಾಗುತ್ತದೆಂದು ನೋಡುವುದು. ಒಂದೊಂದು ಊರಿನ ಪ್ರಯೋಗಶಾಲೆಯಲ್ಲಿ ಒಂದೊಂದು ಲೆಕ್ಕ ಬರುತ್ತಿದ್ದುದರಿಂದ, ವಿಶ್ವ ಆರೋಗ್ಯ ಸಂಸ್ಥೆ ೧೯೮೩ರಲ್ಲಿ ಎಲ್ಲ ಕಡೆಗೂ ಹೊಂದುವ ಒಂದೇ ಮಾಪನವನ್ನು ಜಾರಿಗೆ ತಂದಿತು. ನಿಮ್ಮ ಮನೆಯ ವರದಿಯಲ್ಲಿ ಐ.ಎನ್.ಆರ್. ಎಂದು ಬರೆದಿರುವುದು ಅದೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಪರೀಕ್ಷೆ ಮದ್ದನ್ನು ಅಳೆಯುವುದಿಲ್ಲ. ಮದ್ದಿನ ಪರಿಣಾಮವನ್ನು ಅಳೆಯುತ್ತದೆ. ಸಾರಿನಲ್ಲಿ ಉಪ್ಪು ಎಷ್ಟಿದೆಯೆಂದು ತಿಳಿಯಲು ಎರಡು ದಾರಿಗಳುಂಟು. ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ರುಚಿ ನೋಡುವುದು ಒಂದು. ಸಾರಿನಲ್ಲಿ ಕರಗಿರುವ ಉಪ್ಪನ್ನೇ ಬೇರ್ಪಡಿಸಿ ತಕ್ಕಡಿಗೆ ಹಾಕುವುದು ಇನ್ನೊಂದು. ವಾರ್ಫರಿನ್ನಿಗೆ ಇಷ್ಟು ವರ್ಷವೂ ರುಚಿ ನೋಡುವ ಪದ್ಧತಿಯೇ ಸಾಕಾಗಿದೆ. ಹೆಪಾರಿನ್ನಿಗೂ ಹಾಗೆಯೇ. ಗುಂಡಿಗೆಯನ್ನು ನಿಲ್ಲಿಸಿ, ರಕ್ತವನ್ನು ಯಂತ್ರದ ಮೂಲಕ ಹರಿಸಿ ಶಸ್ತ್ರಕ್ರಿಯೆ ಮಾಡುವಾಗ ಹೆಪಾರಿನ್ ಕೊಡಲೇಬೇಕು. ಒಂದೇ ಪ್ರಮಾಣ ಕೊಟ್ಟರೂ ಒಬ್ಬೊಬ್ಬರ ರಕ್ತ ಒಂದೊಂದು ರೀತಿ ವರ್ತಿಸುವುದರಿಂದ, ಶಸ್ತ್ರಕ್ರಿಯೆಯ ಮೇಜಿನ ಪಕ್ಕದಲ್ಲಿಯೇ ಒಂದು ಸಣ್ಣ ಯಂತ್ರದಲ್ಲಿ ರಕ್ತ ಹೆಪ್ಪಾಗುವ ಸೆಕೆಂಡುಗಳನ್ನು ಮತ್ತೆ ಮತ್ತೆ ಎಣಿಸುತ್ತಿರುತ್ತಾರೆ. ಕೆಲಸ ಮುಗಿದ ಮೇಲೆ ಪ್ರೋಟಮಿನ್ ಎಂಬ ಪ್ರತಿಮದ್ದು ಕೊಟ್ಟು ಹೆಪಾರಿನ್ನಿನ ಬಲವನ್ನು ಇಳಿಸುತ್ತಾರೆ.

ಈಗ ಹೊಸ ಗುಳಿಗೆಗಳ ಸಂಗತಿಗೆ ಬರೋಣ. ೨೦೦೮ರಿಂದೀಚೆಗೆ ರಿವರಾಕ್ಸಬಾನ್, ಡಾಬಿಗಟ್ರಾನ್, ಎಪಿಕ್ಸಬಾನ್ ಎಂಬ ಮದ್ದುಗಳು ಒಂದರ ಹಿಂದೊಂದು ಬಳಕೆಗೆ ಬಂದವು. ಡಾಬಿಗಟ್ರಾನ್, ಜಿಗಣೆಯ ಹಿರುಡಿನ್ನಿನಂತೆ, ಥ್ರಾಂಬಿನ್ನನ್ನೇ ಹಿಡಿದು ಕಟ್ಟುತ್ತದೆ. ಮಿಕ್ಕ ಎರಡು, ಅದಕ್ಕೆ ಒಂದು ಹೆಜ್ಜೆ ಹಿಂದಿನ ಹತ್ತನೆಯ ಅಂಶವನ್ನು ಹಿಡಿಯುತ್ತವೆ. ಇವುಗಳ ದೊಡ್ಡ ಅನುಕೂಲವೆಂದರೆ, ದಿನವೂ ಗೊತ್ತಾದ ಪ್ರಮಾಣ ನುಂಗಿದರೆ ಸಾಕು. ಸೊಪ್ಪಿನ ಪಥ್ಯವಿಲ್ಲ, ತಿಂಗಳು ತಿಂಗಳು ಹೆಪ್ಪಿನ ಪರೀಕ್ಷೆಯಿಲ್ಲ. ಕೃತಕ ಲೋಹದ ಕವಾಟ ಹಾಕಿಸಿಕೊಂಡವರಿಗೆ ಮಾತ್ರ ಇವು ಸಲ್ಲವು. ಅವರಿಗೆ ಹಳೆಯ ಗುಳಿಗೆಯೇ ಗತಿ. ಬೇರೆ ಅನೇಕರಿಗೆ ಈ ಹೊಸ ಮದ್ದುಗಳಿಂದ ನಿಜವಾಗಿ ಉಪಕಾರವಾಗಿದೆ.

ಆದರೆ ದಿನವೂ ಅಳೆಯಬೇಕಾಗಿಲ್ಲವೆಂಬ ಈ ಗುಣವೇ ಶಸ್ತ್ರಕ್ರಿಯೆಯ ದಿನ ತೊಡಕಾಗಿ ಬರುತ್ತದೆ. ವೈದ್ಯರು ಹಳೆಯ ಅಭ್ಯಾಸದಂತೆ ಐ.ಎನ್.ಆರ್. ಮಾಡಿಸಿದರೆಂದು ಇಟ್ಟುಕೊಳ್ಳಿ. ಎಪಿಕ್ಸಬಾನ್ ರಕ್ತದಲ್ಲಿ ಪೂರ್ಣ ಪ್ರಮಾಣದಲ್ಲಿ ಇದ್ದರೂ ಆ ಪರೀಕ್ಷೆ ಸಹಜವೆಂದು ತೋರಬಹುದು. 'ಎಲ್ಲ ಸರಿಯಾಗಿದೆ' ಎಂದು ವರದಿ ಬಂದರೂ ಸರಿಯಾಗಿಲ್ಲದೆ ಇರಬಹುದು. ನಾಲಿಗೆಗೆ ಈ ಉಪ್ಪಿನ ರುಚಿ ಸರಿಯಾಗಿ ಹತ್ತುವುದಿಲ್ಲ. ಆಗ ತಕ್ಕಡಿಯೇ ಬೇಕು.

ಆ ತೂಕ ಹೇಗೆ ನಡೆಯುತ್ತದೆ? ತೋಳಿನಿಂದ ರಕ್ತವನ್ನು ತಿಳಿನೀಲಿ ಮುಚ್ಚಳದ ಕೊಳವೆಗೆ ತೆಗೆಯುತ್ತಾರೆ. ಅದರಲ್ಲಿ ಸಿಟ್ರೇಟ್ ಎಂಬ ಲವಣದ ದ್ರಾವಣವಿರುತ್ತದೆ. ಒಂದು ಪಾಲು ದ್ರಾವಣಕ್ಕೆ ಒಂಬತ್ತು ಪಾಲು ರಕ್ತ ಸೇರಬೇಕು. ಕೊಳವೆಯ ಗೆರೆಯವರೆಗೆ ರಕ್ತ ತುಂಬದಿದ್ದರೆ ದಾದಿ ಮತ್ತೊಮ್ಮೆ ಚುಚ್ಚಬೇಕಾಗುತ್ತದೆ. ಬೇಸರಪಡಬೇಡಿ, ಪಾಲು ತಪ್ಪಿದರೆ ಲೆಕ್ಕವೇ ತಪ್ಪುತ್ತದೆ. ಆ ಕೊಳವೆಯನ್ನು ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸಿದರೆ, ಮೊಸರು ಕಡೆದಾಗ ಬೆಣ್ಣೆ ಬೇರೆಯಾಗುವಂತೆ, ಕೆಂಪು ಕಣಗಳು ಕೆಳಗಿಳಿದು ಒಣಹುಲ್ಲಿನ ಬಣ್ಣದ ತಿಳಿ ಮೇಲೆ ನಿಲ್ಲುತ್ತದೆ. ಇದೇ ಪ್ಲಾಸ್ಮಾ. ಮದ್ದನ್ನು ಹುಡುಕಬೇಕಾದದ್ದು ಇದರಲ್ಲಿ.

ಎಪಿಕ್ಸಬಾನ್, ರಿವರಾಕ್ಸಬಾನ್‌ಗಳಿಗೆ ಬಣ್ಣದ ಪರೀಕ್ಷೆಯುಂಟು. ಪ್ಲಾಸ್ಮಾಕ್ಕೆ ಗೊತ್ತಾದಷ್ಟು ಹತ್ತನೆಯ ಅಂಶವನ್ನು ಸೇರಿಸುತ್ತಾರೆ. ಮದ್ದು ಇದ್ದಷ್ಟೂ ಅದರಲ್ಲಿ ಒಂದು ಭಾಗವನ್ನು ಹಿಡಿದು ಕೂಡಿಸುತ್ತದೆ. ಹಿಡಿತಕ್ಕೆ ಸಿಗದೆ ಉಳಿದ ಭಾಗ, ಆಮೇಲೆ ಸೇರಿಸಿದ ವಸ್ತುವೊಂದನ್ನು ಕತ್ತರಿಸಿ ಹಳದಿ ಬಣ್ಣ ಬಿಡಿಸುತ್ತದೆ. ಹಳದಿ ಗಾಢವಾಗಿದ್ದರೆ ಮದ್ದು ಕಡಿಮೆ. ಹಳದಿ ಮಂಕಾಗಿದ್ದರೆ ಮದ್ದು ಹೆಚ್ಚು. ಮದ್ದಿನ ಪ್ರಮಾಣ ಮೊದಲೇ ಗೊತ್ತಿರುವ ಮಾದರಿಗಳ ಬಣ್ಣದೊಡನೆ ಹೋಲಿಸಿ ಯಂತ್ರ ಅಂಕೆಯನ್ನು ಕೊಡುತ್ತದೆ. ಎಪಿಕ್ಸಬಾನ್‌ಗೆ ಎಪಿಕ್ಸಬಾನ್‌ನ ಮಾದರಿಯೇ ಬೇಕು. ಸೇರಿನ ಕಲ್ಲಿಟ್ಟು ಪಾವಿನ ಲೆಕ್ಕ ಹೇಳಲಾಗದು. ಯಂತ್ರವೂ ದ್ರವ್ಯಗಳೂ ಸಿದ್ಧವಿದ್ದರೆ ಒಂದು ಗಂಟೆಯ ಆಸುಪಾಸಿನಲ್ಲಿ ಉತ್ತರ ದೊರೆಯುತ್ತದೆ.

ಡಾಬಿಗಟ್ರಾನ್ ಅಳೆಯುವ ಒಂದು ಪರೀಕ್ಷೆಗೆ ಹಾವಿನ ವಿಷವೇ ಸಾಧನ. ನಮ್ಮ ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿಯೂ ಇರುವ ಗರಗಸಮಂಡಲ ಕಚ್ಚಿದರೆ, ಅದರ ವಿಷ ರಕ್ತದ ಹೆಪ್ಪಿನ ಸಾಮಗ್ರಿಯನ್ನೆಲ್ಲ ಕೆರಳಿಸಿ ಮುಗಿಸಿಬಿಡುತ್ತದೆ. ಆಮೇಲೆ ಹೆಪ್ಪಾಗಲು ಏನೂ ಉಳಿಯುವುದಿಲ್ಲ. ಹಾವು ಕಚ್ಚಿದವರ ರಕ್ತವನ್ನು ಗಾಜಿನ ಕೊಳವೆಯಲ್ಲಿ ೨೦ ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪಾಯಿತೇ ಇಲ್ಲವೇ ಎಂದು ನಮ್ಮ ಆಸ್ಪತ್ರೆಗಳಲ್ಲಿ ನೋಡುವುದು ಇದರಿಂದಲೇ. ಆ ವಿಷದಿಂದ ಬೇರ್ಪಡಿಸಿದ ಎಕಾರಿನ್ ಎಂಬ ವಸ್ತುವನ್ನು ಪ್ಲಾಸ್ಮಾಕ್ಕೆ ಹಾಕಿದರೆ ಬೇಗನೆ ಹೆಪ್ಪಾಗಬೇಕು. ಡಾಬಿಗಟ್ರಾನ್ ಇದ್ದಷ್ಟೂ ಅದು ತಡವಾಗುತ್ತದೆ. ಆ ತಡದಿಂದ ಮದ್ದಿನ ಲೆಕ್ಕ ಸಿಗುತ್ತದೆ. ಕೊಲ್ಲುವ ವಿಷವೇ ಕಾಯುವ ಅಳತೆಗೋಲಾಯಿತು ನೋಡಿ! ಇವೆಲ್ಲಕ್ಕಿಂತ ನಿಖರವಾದದ್ದು, ಅಣುಗಳನ್ನು ಬೇರೆ ಬೇರೆ ಮಾಡಿ ಅವುಗಳ ತೂಕದಿಂದಲೇ ಗುರುತು ಹಿಡಿಯುವ ದೊಡ್ಡ ಯಂತ್ರ. ಮಿಕ್ಕ ಪರೀಕ್ಷೆಗಳನ್ನು ಒರೆಗೆ ಹಚ್ಚುವುದು ಅದರ ಮೇಲೆ. ಆದರೆ ಅದು ದುಬಾರಿ, ನಿಧಾನ. ತುರ್ತಿನ ರಾತ್ರಿಗೆ ಒದಗುವಂಥದಲ್ಲ.

ಅಂಕೆ ಬಂತು, ಅದರ ಅರ್ಥವೇನು? ಈ ಮದ್ದನ್ನು ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಎಷ್ಟು ನ್ಯಾನೊಗ್ರಾಂ ಇದೆಯೆಂದು ಹೇಳುತ್ತಾರೆ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೊಗ್ರಾಂ. ರಕ್ತಸ್ರಾವದ ಅಪಾಯ ಹೆಚ್ಚಿರುವ ತುರ್ತು ಶಸ್ತ್ರಕ್ರಿಯೆಯಲ್ಲಿ, ಅಂಕೆ ೩೦ಕ್ಕಿಂತ ಮೇಲಿದ್ದರೆ ಮದ್ದಿನ ಬಲವನ್ನು ಇಳಿಸುವ ಪ್ರತಿಮದ್ದಿನ ಆಲೋಚನೆ ಮಾಡಬೇಕು. ಈಗಾಗಲೇ ರಕ್ತ ವಿಪರೀತವಾಗಿ ಸೋರುತ್ತಿರುವವರಲ್ಲಿ ೫೦ಕ್ಕಿಂತ ಮೇಲಿದ್ದರೆ ಹಾಗೆ ಮಾಡಬೇಕು ಎಂದು ೨೦೧೬ರಲ್ಲಿ ಅಂತರರಾಷ್ಟ್ರೀಯ ತಜ್ಞರು ಸಲಹೆ ಕೊಟ್ಟರು. ೩೦ ಎಂದರೆ ಎಷ್ಟು? ದೊಡ್ಡವರ ಮೈಯಲ್ಲಿ ಸುಮಾರು ಮೂರು ಲೀಟರ್ ಪ್ಲಾಸ್ಮಾ ಇರುತ್ತದೆ. ಅದರಲ್ಲಿ ಇರುವ ಮದ್ದನ್ನೆಲ್ಲ ಒಟ್ಟುಗೂಡಿಸಿದರೆ ಪುಡಿಯುಪ್ಪಿನ ಒಂದೆರಡು ಕಣದಷ್ಟು ತೂಗೀತು. ಅಷ್ಟನ್ನು ಕಂಡುಹಿಡಿಯುವುದು ಈ ಪರೀಕ್ಷೆಯ ಹೆಚ್ಚುಗಾರಿಕೆ.

ಎಲ್ಲರೂ ನುಂಗುವುದು ಒಂದೇ ಪ್ರಮಾಣದ ಗುಳಿಗೆಯಾದರೆ ಅಳೆಯುವುದೇಕೆ, ಗಡಿಯಾರ ನೋಡಿದರೆ ಸಾಲದೆ, ಎಂದು ನೀವು ಕೇಳಬಹುದು. ಒಂದೇ ಸೌಟಿನಲ್ಲಿ ಬಡಿಸಿದರೂ ಎಲ್ಲರ ಜೀರ್ಣಶಕ್ತಿ ಒಂದೇ ಅಲ್ಲ. ಎಪಿಕ್ಸಬಾನ್ ೫ ಮಿಲಿಗ್ರಾಂ ಗುಳಿಗೆಯನ್ನು ದಿನಕ್ಕೆರಡು ಸಲ ತೆಗೆದುಕೊಳ್ಳುವವರಲ್ಲಿ, ಮುಂದಿನ ಗುಳಿಗೆಯ ಹೊತ್ತಿಗೆ ರಕ್ತದಲ್ಲಿ ಉಳಿದಿರುವುದು ಕೆಲವರಲ್ಲಿ ೪೦ರ ಆಸುಪಾಸು, ಕೆಲವರಲ್ಲಿ ೨೩೦ರ ಆಸುಪಾಸು. ಡಾಬಿಗಟ್ರಾನ್ನಿನ ಐದರಲ್ಲಿ ನಾಲ್ಕು ಪಾಲು ಮೂತ್ರಪಿಂಡದ ಮೂಲಕವೇ ಹೊರಗೆ ಹೋಗಬೇಕು. ಮೂತ್ರಪಿಂಡ ಸೋತವರಲ್ಲಿ ಅದು ದಿನಗಟ್ಟಲೆ ಉಳಿದುಬಿಡುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಈ ಮದ್ದುಗಳ ಮಟ್ಟವನ್ನು ತಗ್ಗಿಸುತ್ತದೆ. ಬೂಷ್ಟುರೋಗಗಳಿಗೆ ಕೊಡುವ ಕೆಲವು ಗುಳಿಗೆಗಳು ಏರಿಸುತ್ತವೆ.

ಹಾಗಾದರೆ ಶಸ್ತ್ರಕ್ರಿಯೆಗೆ ಹೋಗುವವರೆಲ್ಲರೂ ಈ ಪರೀಕ್ಷೆ ಮಾಡಿಸಬೇಕೆ? ಬೇಡ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಕೆನಡಾ, ಅಮೆರಿಕ, ಯೂರೋಪುಗಳ ೨೩ ಕೇಂದ್ರಗಳಲ್ಲಿ, ತಾಳ ತಪ್ಪಿದ ಗುಂಡಿಗೆಗಾಗಿ ಈ ಗುಳಿಗೆಗಳನ್ನು ತೆಗೆದುಕೊಳ್ಳುತ್ತಿದ್ದ ೩,೦೦೭ ಜನರ ಮೇಲೆ ನಡೆದ ಒಂದು ಅಧ್ಯಯನ ೨೦೧೯ರಲ್ಲಿ ಪ್ರಕಟವಾಯಿತು. ಅವರೆಲ್ಲರದೂ ಮೊದಲೇ ದಿನ ಗೊತ್ತುಮಾಡಿದ ಶಸ್ತ್ರಕ್ರಿಯೆ. ರಕ್ತ ಹೆಚ್ಚು ಹೋಗದ ಶಸ್ತ್ರಕ್ರಿಯೆಯಾದರೆ ಹಿಂದಿನ ಒಂದು ದಿನ, ಹೆಚ್ಚು ಹೋಗುವುದಾದರೆ ಹಿಂದಿನ ಎರಡು ದಿನ ಗುಳಿಗೆ ಬಿಡುವುದು; ಡಾಬಿಗಟ್ರಾನ್ ತೆಗೆದುಕೊಳ್ಳುವವರ ಮೂತ್ರಪಿಂಡ ಸೋತಿದ್ದರೆ ಇನ್ನೂ ಹೆಚ್ಚು ದಿನ ಬಿಡುವುದು. ಇಷ್ಟೇ ನಿಯಮ. ರಕ್ತದ ಮಟ್ಟ ನೋಡಿ ಶಸ್ತ್ರಕ್ರಿಯೆಯನ್ನು ನಿರ್ಧರಿಸಲಿಲ್ಲ. ಆದರೂ ಮುಂದಿನ ಒಂದು ತಿಂಗಳಲ್ಲಿ ದೊಡ್ಡ ರಕ್ತಸ್ರಾವವಾದವರು ಮೂರು ಮದ್ದುಗಳಲ್ಲಿ ಯಾವುದರಲ್ಲಿಯೂ ನೂರಕ್ಕೆ ಇಬ್ಬರನ್ನು ಮುಟ್ಟಲಿಲ್ಲ. ಹೆಚ್ಚು ರಕ್ತ ಹೋಗುವ ಶಸ್ತ್ರಕ್ರಿಯೆಯವರ ರಕ್ತವನ್ನು ಪಕ್ಕದಲ್ಲಿ ಅಳೆದು ನೋಡಿದಾಗ, ಸುಮಾರು ನೂರಕ್ಕೆ ೯೯ ಜನರಲ್ಲಿ ಮದ್ದು ೫೦ಕ್ಕಿಂತ ಕೆಳಗೆ ಇಳಿದಿತ್ತು. ಅಂದರೆ, ದಿನ ಗೊತ್ತುಮಾಡಿಕೊಂಡು ನಡೆಯುವ ಶಸ್ತ್ರಕ್ರಿಯೆಗೆ ಗಡಿಯಾರವೂ ಪಂಚಾಂಗವೂ ಬಹುಮಟ್ಟಿಗೆ ಸಾಕು.

ಗಡಿಯಾರ ಕೈಕೊಡುವ ಸಂದರ್ಭಗಳು ಬೇರೆ. ಅಪಘಾತವಾಗಿ ತುರ್ತಾಗಿ ಬಂದವರು, ಕೊನೆಯ ಗುಳಿಗೆ ಯಾವಾಗ ಆಯಿತೆಂದು ತಿಳಿಯದವರು, ಮೂತ್ರಪಿಂಡ ಸೋತವರು, ಮಟ್ಟವನ್ನು ಏರುಪೇರು ಮಾಡುವ ಬೇರೆ ಮದ್ದು ನುಂಗುತ್ತಿರುವವರು, ಬೆನ್ನಿಗೆ ಸೂಜಿ ಚುಚ್ಚಲೇಬೇಕಾದವರು — ಇವರಿಗೆ ಅಳತೆಯಿಂದ ದೊಡ್ಡ ಉಪಕಾರವುಂಟು. ನಮ್ಮ ಅಜ್ಜಿಯ ಕಡೆಗೆ ಹಿಂದಿರುಗಿ ನೋಡಿ. ಮದ್ದಿನ ಪೊಟ್ಟಣ ತರಿಸಿ ನೋಡಿದರು, ಅದು ಎಪಿಕ್ಸಬಾನ್. ಅವರ ರಕ್ತದಲ್ಲಿ ಅದು ೧೨ ಎಂದು ಬಂತೆನ್ನಿ. ಸೊಸೆ ಹೇಳಿದ್ದೇ ನಿಜ. ಎರಡು ದಿನದಿಂದ ಗುಳಿಗೆಯಿಲ್ಲ. ಮದ್ದಿನ ಭಯಕ್ಕಾಗಿ ಎರಡು ದಿನ ವ್ಯರ್ಥವಾಗಿ ಕಾಯಬೇಕಾಗಿಲ್ಲ. ಆ ದಿನವೇ ಮೂಳೆ ಕೂಡಿಸಬಹುದು. ಅದೇ ೧೪೦ ಎಂದು ಬಂದರೆ ಮಗ ಹೇಳಿದ್ದು ನಿಜ. ಆಗ ವೈದ್ಯರು ಕಾಯುತ್ತಾರೆ, ಮರುದಿನ ಮತ್ತೆ ಅಳೆಯುತ್ತಾರೆ, ಬೆನ್ನಿನ ಸೂಜಿಯ ಬದಲು ಪೂರ್ಣ ಅರಿವಳಿಕೆಯ ಆಲೋಚನೆ ಮಾಡುತ್ತಾರೆ, ರಕ್ತವನ್ನು ಸಿದ್ಧವಾಗಿಡುತ್ತಾರೆ. ಅಂಕೆ ಯಾವುದೇ ಬರಲಿ, ವೈದ್ಯರ ಕಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚಿದಂತಾಯಿತು. ಡಾಬಿಗಟ್ರಾನ್ ಆಗಿದ್ದರೆ, ಅದನ್ನು ನಿಮಿಷಗಳಲ್ಲಿ ಹಿಡಿದು ಕಟ್ಟುವ ಇಡಾರುಸಿಜುಮಾಬ್ ಎಂಬ ಪ್ರತಿಮದ್ದು ೨೦೧೫ರಿಂದ ಉಂಟು; ಬೆಲೆ ಬಹಳ.

ಈ ವಿಶೇಷ ಪರೀಕ್ಷೆಗಳು ಎಲ್ಲ ಊರಿನ ಆಸ್ಪತ್ರೆಗಳಲ್ಲಿಯೂ ದೊರೆಯುವುದಿಲ್ಲ. ದೊರೆಯದ ಕಡೆ ವೈದ್ಯರು ಕೈಕಟ್ಟಿ ಕೂಡಬೇಕಾಗಿಯೂ ಇಲ್ಲ. ಥ್ರಾಂಬಿನ್ ಹಾಕಿ ಹೆಪ್ಪಾಗುವ ಸಮಯ ನೋಡುವ ಸುಲಭವಾದ ಪರೀಕ್ಷೆ ಸಹಜವಾಗಿ ಬಂದರೆ ಡಾಬಿಗಟ್ರಾನ್ ಇಲ್ಲವೆಂದು ನಂಬಬಹುದು. ಹೆಪಾರಿನ್ನಿಗಾಗಿ ಇಟ್ಟಿರುವ ಬಣ್ಣದ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಮಿಕ್ಕೆರಡು ಮದ್ದುಗಳು ಗಣನೆಗೆ ಬರುವಷ್ಟು ಇಲ್ಲವೆಂದು ಊಹಿಸಬಹುದು. ಮತ್ತೊಂದು ಮಾತು: ಅಂಕೆಯೊಂದೇ ಎಲ್ಲವನ್ನೂ ಹೇಳುವುದಿಲ್ಲ. ರೋಗಿಯ ವಯಸ್ಸು, ಯಕೃತ್ತು, ಪ್ಲೇಟ್ಲೆಟ್ಟುಗಳು, ಮಾಡಬೇಕಾದ ಕೆಲಸದ ಬಗೆ ಇವನ್ನೆಲ್ಲ ತೂಗಿ ನೋಡುವ ವಿವೇಕ ವೈದ್ಯರದೇ.

ಇನ್ನು ನಿಮ್ಮ ಪಾಲಿನ ಕೆಲಸ. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ, ಒಂದು ಚೀಟಿಯಲ್ಲಿ ಗುಳಿಗೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಕಾಯಿಲೆಗಾಗಿ, ದಿನದಲ್ಲಿ ಯಾವ ಯಾವ ಹೊತ್ತು ಎಂದು ಬರೆದು ಅವರ ಕೈಚೀಲದಲ್ಲಿ ಒಂದು, ಗೋಡೆಯ ಕ್ಯಾಲೆಂಡರಿನ ಬಳಿ ಒಂದು ಇಡಿ. ಗುಳಿಗೆ ನುಂಗಿದೊಡನೆ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಒಂದು ಗೆರೆ ಎಳೆಯುವ ಪರಿಪಾಠವಿಟ್ಟುಕೊಳ್ಳಿ. ಹಾಲಿನ ಲೆಕ್ಕ ಬರೆಯುವ ಮನೆಗೆ ಇದೇನೂ ಹೊರೆಯಲ್ಲ. ಹಲ್ಲು ಕೀಳಿಸುವುದಕ್ಕೆ ಹೋದರೂ, ಕಣ್ಣಿನ ಪೊರೆ ತೆಗೆಸುವುದಕ್ಕೆ ಹೋದರೂ ಆ ಚೀಟಿಯನ್ನು ಮೊದಲು ತೋರಿಸಿ. ಬೇರೆ ಯಾವ ಮದ್ದು ನಡೆಯುತ್ತಿದೆ ಎಂಬುದನ್ನೂ, ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಗುಳಿಗೆಯನ್ನೂ ಮುಚ್ಚಿಡದೆ ಹೇಳಿ.

ಕೊನೆಯದಾಗಿ ಒಂದು ಎಚ್ಚರಿಕೆ. ರಕ್ತಸ್ರಾವದ ಮಾತು ಕೇಳಿ ಹೆದರಿ, ನಿಮ್ಮಷ್ಟಕ್ಕೆ ನೀವೇ ಗುಳಿಗೆ ಬಿಡಬೇಡಿ. ಬಿಟ್ಟ ದಿನಗಳಲ್ಲಿಯೇ ಗರಣೆ ಕಟ್ಟಿ ಪಾರ್ಶ್ವವಾಯು ಬರಬಹುದು. ಯಾವಾಗ ಬಿಡಬೇಕು, ಶಸ್ತ್ರಕ್ರಿಯೆಯಾದ ಮೇಲೆ ಯಾವಾಗ ಮತ್ತೆ ಆರಂಭಿಸಬೇಕು ಎರಡನ್ನೂ ವೈದ್ಯರೇ ಹೇಳಬೇಕು. ಎರಡನೆಯದನ್ನು ಅವರು ಮರೆತರೆ ನೀವು ನೆನಪಿಸಿ ಕೇಳಬೇಕು.

ಪ್ರಯೋಗಶಾಲೆಯ ಯಂತ್ರ ಉಪ್ಪಿನ ಕಣದಷ್ಟು ಮದ್ದನ್ನೂ ಹುಡುಕಿ ತೂಗಬಲ್ಲದು. ಆದರೆ ಯಾವ ಮದ್ದನ್ನು ಹುಡುಕಬೇಕೆಂದು ಅದಕ್ಕೆ ಮೊದಲು ಹೇಳಬೇಕಾದವರು ಮನೆಯವರು. ಆ ಚೀಟಿಯನ್ನು ಇವತ್ತು ರಾತ್ರಿ, ಊಟವಾದ ಮೇಲೆ, ಗುಳಿಗೆಯ ಡಬ್ಬಿ ಎದುರಿಗಿರುವಾಗಲೇ ಬರೆದುಬಿಡಿ.